ಎಡಗಡೆ ಸ್ಪೋಕ್ ಸಡಿಲವಾದರೆ ದಪ್ಪ ಸ್ಪೋಕ್ ಮದ್ದಲ್ಲ

ಸರ್, ದಯವಿಟ್ಟು ಆ 13 ಗೇಜಿನ ದಪ್ಪ ಸ್ಪೋಕ್‌ಗಳಿಗೆ ಹಣ ಕಟ್ಟಬೇಡಿ. ಸೈಕಲ್‌ಗೆ ನೀವೇ ಕಟ್ಟಿದ 32 ತೂತಿನ ಹಿಂದಿನ ಚಕ್ರ ಮೊದಲ ಸವಾರಿಯಲ್ಲೇ ಟಿಣ್ ಟಿಣ್ ಎಂದಿತು, ಆಮೇಲೆ ಬೆಂಡಾಯಿತು, ಈಗ ಎಡಗಡೆಯ ಎರಡು ಸ್ಪೋಕ್ ಹಬ್ (ಚಕ್ರದ ನಡುಭಾಗ) ಬಳಿಯ ಬಾಗಿನಲ್ಲಿ ತುಂಡಾಗಿವೆ ಎಂದು ಬರೆದಿದ್ದೀರಿ. ನನ್ನ ಮೊದಲ ಹಿಂಚಕ್ರವೂ ಇದೇ ದಾರಿ ಹಿಡಿದಿತ್ತು. ನಾನೂ ದಪ್ಪದವನ್ನೇ ತಂದು ಹಾಕಿದೆ, ಅವೂ ಮುರಿದವು. ಚಕ್ರ ನೇರವಾದ ಕೂಡಲೇ ಕೆಲಸ ಮುಗಿಯಿತು ಎಂದುಕೊಂಡದ್ದೇ ತಪ್ಪು. ಸಡಿಲ ಚಕ್ರವನ್ನೂ ಚೆನ್ನಾಗಿ ನೇರ ಮಾಡಬಹುದು!

11 ಗೇರಿನ ಹಬ್‌ನಲ್ಲಿ ಕ್ಯಾಸೆಟ್‌ಗೆ (ಗೇರಿನ ಹಲ್ಲುಚಕ್ರಗಳ ಗೊಂಚಲಿಗೆ) ಜಾಗ ಬಿಡಲು ಬಲಗಡೆಯ ಫ್ಲ್ಯಾಂಜ್ (ಸ್ಪೋಕ್ ಸಿಕ್ಕಿಸುವ ಅಂಚು) ಮಧ್ಯಕ್ಕೆ ಸರಿದಿರುತ್ತದೆ. ಎಡಗಡೆಯ ಸ್ಪೋಕ್ ಹೆಚ್ಚು ಓರೆ, ಆದ್ದರಿಂದ ರಿಮ್ ನಡುವಿಗೆ ನಿಲ್ಲಬೇಕಾದರೆ ಎಡಕ್ಕೆ ಬಲದ ಸುಮಾರು ಅರ್ಧದಷ್ಟೇ ಬಿಗಿ ಸಿಗುತ್ತದೆ. ನೀವು ಬಲಗಡೆ 70 ಕಿಲೋಗೆ ನಿಲ್ಲಿಸಿದ್ದೀರಿ, ಎಡಕ್ಕೆ ಉಳಿದದ್ದು 35ರ ಆಸುಪಾಸು. ಚಕ್ರ ತಿರುಗಿದಂತೆ ನೆಲದ ಕಡೆ ಬಂದ ಸ್ಪೋಕ್ ಪ್ರತಿ ಸುತ್ತಿಗೂ ಬಿಗಿ ಕಳೆದುಕೊಳ್ಳುತ್ತದೆ. ನಮ್ಮ ರಸ್ತೆಯ ಒಂದು ಗುಂಡಿಗೆ ಅದು ಪೂರ್ತಿ ಜೋಲುತ್ತದೆ, ರಿಮ್ ಬಳಿ ಸ್ಪೋಕ್ ಬಿಗಿಸುವ ಪುಟ್ಟ ನಟ್ಟು, ಅಂದರೆ ನಿಪ್ಪಲ್, ತಾನಾಗಿ ಬಿಚ್ಚಿಕೊಳ್ಳುತ್ತದೆ, ಬಾಗು ಹಬ್‌ನ ತೂತಿನೊಳಗೆ ಅಲುಗಾಡಿ ಅಲುಗಾಡಿ ದಣಿದು ಮುರಿಯುತ್ತದೆ. ದಪ್ಪ ಸ್ಪೋಕ್ ಕಡಿಮೆ ಹಿಗ್ಗುವುದರಿಂದ ಇನ್ನೂ ಬೇಗ ಜೋಲುತ್ತದೆ. ಎಡಕ್ಕೆ ಬೇಕಾದದ್ದು ಮಧ್ಯದಲ್ಲಿ ತೆಳುವಾದ ಬಟೆಡ್ ಸ್ಪೋಕ್. ನಾನು ಎಡಗಡೆ 2.0/1.8/2.0 ಮಿ.ಮೀ. (ತುದಿ, ನಡು, ತುದಿಯ ದಪ್ಪ) ಬಿಟ್ಟು ಬೇರೆ ಹಾಕುವುದಿಲ್ಲ. ಕಂಪನಿ ಡಿಟಿ ಸ್ವಿಸ್ ಆಗಲಿ, ಸ್ಯಾಪಿಮ್ ಆಗಲಿ, ಎರಡರಲ್ಲಿ ಯಾವುದು ಮೇಲೆಂಬ ಜಗಳದಲ್ಲಿ ನನಗೆ ಆಸಕ್ತಿ ಇಲ್ಲ. ಹೆಸರಿಲ್ಲದ ಸ್ಪೋಕ್ ಮಾತ್ರ ಬೇಡ. ಭಾರದ ಚೀಲ ಹೇರಿ ದೂರ ಹೋಗುವವರು ಬಾಗಿನ ಬಳಿ 2.34 ಇರುವ ಡಿಟಿ ಸ್ವಿಸ್‌ನ ಆಲ್ಪೈನ್ 3 ಸ್ಪೋಕ್ ನೋಡಬಹುದು, ಅದರ ನಡುವೂ 1.8 ಎಂಬುದನ್ನು ಗಮನಿಸಿ.

ಬಲಗಡೆಯ ಬಿಗಿಯನ್ನು 110–120 ಕಿಲೋಗೆ ಏರಿಸಿ. ರಿಮ್ ತಯಾರಕರು ಅದಕ್ಕಿಂತ ಕಡಿಮೆ ಮಿತಿ ಹೇಳಿದ್ದರೆ ಅದೇ ಅಂತಿಮ. ಪಾರ್ಕ್ ಟೂಲ್‌ನ ಬಿಗಿ ಅಳೆಯುವ ಟಿಎಂ-1 ಮೀಟರ್ ಸಾಕು, ಆದರೆ ಅಳತೆಯ ಪಟ್ಟಿಯಲ್ಲಿ ನಿಮ್ಮ ಸ್ಪೋಕ್ ದಪ್ಪದ ಸಾಲನ್ನೇ ನೋಡಿ. ಮೀಟರ್ ಇಲ್ಲದವರು ಒಂದೇ ಬದಿಯ ಸ್ಪೋಕ್‌ಗಳನ್ನು ತಂಬೂರಿಯಂತೆ ಮೀಟಿ ಶ್ರುತಿ ಹೋಲಿಸಬಹುದು. ಎಡವನ್ನು ಬಲದೊಂದಿಗೆ ಹೋಲಿಸಿದರೆ ತಲೆ ಕೆಡುತ್ತದೆ.

ಆ ಟಿಣ್ ಸದ್ದು ಸ್ಪೋಕ್ ತಿರುಚಿಕೊಂಡಿದ್ದರ ಲಕ್ಷಣ. ನಿಪ್ಪಲ್ ಬಿಗಿಸುವ ಸ್ಪೋಕ್ ಕೀ ತಿರುಗಿಸಿದಾಗ ನಿಪ್ಪಲ್ ಜೊತೆ ಸ್ಪೋಕ್ ಕೂಡ ತಿರುಚಿಕೊಳ್ಳುತ್ತದೆ, ರಸ್ತೆಗೆ ಇಳಿದ ಮೇಲೆ ಬಿಚ್ಚಿಕೊಳ್ಳುತ್ತದೆ. ಕೆಲವು ಸ್ಪೋಕ್‌ಗಳಿಗೆ ಟೇಪಿನ ಪುಟ್ಟ ಬಾವುಟ ಅಂಟಿಸಿ, ಎಷ್ಟು ತಿರುಚುತ್ತಿದೆ ಎಂದು ಕಣ್ಣಿಗೇ ಕಾಣುತ್ತದೆ. ಬೇಕಾದುದಕ್ಕಿಂತ ಕಾಲು ಸುತ್ತು ಹೆಚ್ಚು ತಿರುಗಿಸಿ, ಅಷ್ಟೇ ಹಿಂದಕ್ಕೆ ಬನ್ನಿ.

ಈಗ ಯಾರೂ ಮಾಡದ ಕೆಲಸ. ಗಟ್ಟಿ ಕೈಗವಸು ಹಾಕಿ, ಒಂದೇ ಬದಿಯ ಸಮಾನಾಂತರ ಜೋಡಿ ಸ್ಪೋಕ್‌ಗಳನ್ನು ಬಲವಾಗಿ ಹಿಂಡಿ. ಚಕ್ರದ ಸುತ್ತ ಎರಡೂ ಬದಿ ಹೀಗೆ ಮಾಡಿ. ಬಾಗು ಹಬ್‌ಗೆ ಕೂತುಕೊಳ್ಳುತ್ತದೆ, ಬಾಗಿಸುವಾಗ ಉಳಿದಿದ್ದ ಒಳಒತ್ತಡ ಕಳೆಯುತ್ತದೆ. ಚಕ್ರ ಮತ್ತೆ ಬೆಂಡಾಗುತ್ತದೆ, ಬೇಸರ ಬೇಡ. ನೇರ ಮಾಡಿ, ಮತ್ತೆ ಹಿಂಡಿ, ಹಿಂಡಿದ ಮೇಲೂ ಕದಲದಿದ್ದರೆ ಮುಗಿಯಿತು. ಹಿಂಡಿದಾಗ ರಿಮ್ ಎರಡು ಅಲೆಯಾಗಿ ತಿರುಚಿದರೆ ಬಿಗಿ ಮಿತಿ ಮೀರಿದೆ ಎಂದರ್ಥ, ಎಲ್ಲ ನಿಪ್ಪಲ್‌ಗಳನ್ನೂ ಅರ್ಧ ಸುತ್ತು ಸಡಿಲಿಸಿ. ಹಗುರವಾದ ಹೊಸ ರಿಮ್‌ಗಳಲ್ಲಿ ಆ ಹಂತಕ್ಕೆ ಹೋಗಲೇಬೇಡಿ. ವೀಡಿಯೊಗಳಲ್ಲಿ ಚಕ್ರವನ್ನು ನೆಲಕ್ಕೆ ಮಲಗಿಸಿ ರಿಮ್ ಮೇಲೆ ಹತ್ತಿ ನಿಲ್ಲುವವರನ್ನು ನೋಡಿ ಕಲಿಯಬೇಡಿ. ಆಕ್ಸಲ್ ತುದಿ ಜಜ್ಜಿದರೆ ಹಬ್ಬಿನ ದುಡ್ಡು ಅವರು ಕೊಡುವುದಿಲ್ಲ.

ನಿಪ್ಪಲ್‌ಗೆ ಥ್ರೆಡ್ ಲಾಕರ್ (ತಿರುಪು ಸಡಿಲಾಗದಂತೆ ಹಿಡಿಯುವ ಅಂಟು) ಹಾಕಿದ್ದೀರಂತೆ. ಬಿಗಿ ಸರಿಯಿದ್ದರೆ ಅದರ ಅಗತ್ಯವಿಲ್ಲ, ಮುಂದೆ ಸರಿಪಡಿಸಲು ಅಡ್ಡಿ ಬೇರೆ. ನಾನು ಥ್ರೆಡ್‌ಗೆ ಪೇಂಟ್ ಅಂಗಡಿಯಲ್ಲಿ ಸಿಗುವ ಕುದಿಸಿದ ಅಗಸೆ ಎಣ್ಣೆ ಹಚ್ಚುತ್ತೇನೆ. ಕಟ್ಟುವಾಗ ಜಾರುತ್ತದೆ, ಒಣಗಿದ ಮೇಲೆ ಹಿಡಿದುಕೊಳ್ಳುತ್ತದೆ. ಅಡುಗೆಯ ಅಗಸೆ ಎಣ್ಣೆ ಒಣಗಲು ಬಹಳ ಕಾಲ ಬೇಕು. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ, ತಾನಾಗಿ ಹೊತ್ತಿಕೊಳ್ಳಬಹುದು. ಬಿಡಿಸಿ ಒಣಹಾಕಿ ಅಥವಾ ನೀರಿನಲ್ಲಿ ನೆನೆಸಿ.

ಫೋಟೋದಲ್ಲಿ ನಿಪ್ಪಲ್‌ಗಳ ಮೂಲೆ ಸವೆದಿವೆ. ಸುತ್ತಲೂ ಕಚ್ಚುಗಳಿರುವ ಆ ದುಂಡನೆಯ ಕೀ ಎಸೆದುಬಿಡಿ, 3.23 ಮಿ.ಮೀ.ಗೆ ಸರಿಯಾಗಿ ಕೂರುವ ಕಪ್ಪು ಪಾರ್ಕ್ ಟೂಲ್ ಕೀ ಕೊಳ್ಳಿ. ಮಳೆಯಲ್ಲಿ ಓಡಿಸುವವರಿಗೆ, ಕರಾವಳಿಯವರಿಗಂತೂ ಹಿತ್ತಾಳೆಯ ನಿಪ್ಪಲ್ಲೇ ಸರಿ. ಅಲ್ಯೂಮಿನಿಯಂ ಉಳಿಸುವ ತೂಕ ಒಂದು ಗುಟುಕು ನೀರಿನಷ್ಟೂ ಅಲ್ಲ. ಟ್ರೂಯಿಂಗ್ ಸ್ಟ್ಯಾಂಡ್ (ಚಕ್ರ ಕೂರಿಸಿ ನೇರ ಮಾಡುವ ಚೌಕಟ್ಟು) ಸದ್ಯಕ್ಕೆ ಬೇಡ. ಸೈಕಲ್ ತಲೆಕೆಳಗು ಮಾಡಿ ಫ್ರೇಮಿಗೆ ಜಿಪ್ ಟೈ ಕಟ್ಟಿಕೊಳ್ಳಿ, ರಿಮ್ ಎಲ್ಲಿ ಬಾಗಿದೆ ಎಂದು ಅದರ ತುದಿಯೇ ತೋರಿಸುತ್ತದೆ. ಚಕ್ರವನ್ನು ಎಡಬಲ ತಿರುಗಿಸಿ ಕೂರಿಸಿದರೆ ರಿಮ್ ನಡುವಿಗಿದೆಯೇ ಎಂದು ತಿಳಿಯುತ್ತದೆ, ಅಲ್ಲಿ ಕಾಣುವ ವ್ಯತ್ಯಾಸ ನಿಜವಾದ ತಪ್ಪಿನ ಎರಡರಷ್ಟು ಎಂಬುದು ನೆನಪಿರಲಿ.

ಎರಡು ಮುರಿದಿವೆ ಎಂದರೆ ಎಡಗಡೆಯ ಉಳಿದ 14 ಕೂಡ ದಣಿದಿವೆ. ಹದಿನಾರನ್ನೂ ಬದಲಿಸಿ. ಮುಂದಿನ ತಿಂಗಳ 600 ಕಿ.ಮೀ. ದೂರದ ಸೈಕಲ್ ಸವಾರಿಯಾದ ಬಿಆರ್‌ಎಂಗೆ ಎರಡೂ ಬದಿಯ ಉದ್ದದ ಸ್ಪೋಕ್ ಒಂದೆರಡು ಫ್ರೇಮಿಗೆ ಟೇಪ್ ಸುತ್ತಿಟ್ಟುಕೊಳ್ಳಿ. ಬಲಗಡೆಯದು ಮುರಿದರೆ ಕ್ಯಾಸೆಟ್ ಬಿಚ್ಚದೆ ಹೊಸದು ಹಾಕಲು ಆಗುವುದಿಲ್ಲ, ಅದಕ್ಕೆ ಕೆವ್ಲಾರ್ ದಾರದ ತುರ್ತು ಸ್ಪೋಕ್ ಒಂದು ಚೀಲದಲ್ಲಿರಲಿ.