ಆಪ್ತಸಲಹೆ ಪ್ರಕರಣ: ಮನೆಯಲ್ಲಿ ನಂಬದವರು ಒಬ್ಬರೇ ಆದಾಗ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ. ಕುಟುಂಬದ ಧರ್ಮ ಯಾವುದೆಂದು ಬೇಕೆಂದೇ ಹೇಳಿಲ್ಲ. ಯಾವುದಾಗಿದ್ದರೂ ಕೊಡುವ ಸಲಹೆ ಇದೇ.)

‘ವ’ ಅವರಿಗೆ 32 ವರ್ಷ. ಗಂಡ, ಅತ್ತೆ, ಐದು ವರ್ಷದ ಮಗಳ ಜೊತೆ ವಾಸ. ಕೆಲಸವಿದೆ, ಸ್ವಂತ ಸಂಪಾದನೆಯಿದೆ. ದೇವರ ಮೇಲಿನ ನಂಬಿಕೆ ಹೋಗಿ ಹಲವು ವರ್ಷಗಳಾಗಿವೆ. ಅದು ಗೊತ್ತಿರುವುದು ಗಂಡನಿಗೆ ಮಾತ್ರ. ಅವರು ದೈವಭಕ್ತರು, ‘ನಿನ್ನಿಷ್ಟ, ಆದರೆ ಅಮ್ಮನಿಗೆ ಗೊತ್ತಾಗೋದು ಬೇಡ’ ಎಂದು ಹೇಳಿಬಿಟ್ಟಿದ್ದರು. ‘ವ’ ಬಂದದ್ದು ನಿದ್ದೆ ಬಾರದೆ, ತಲೆನೋವು ಬಿಡದೆ. ವೈದ್ಯರಿಗೆ ದೈಹಿಕ ಕಾರಣ ಕಂಡಿರಲಿಲ್ಲ. ಆತಂಕವನ್ನು ಅಳೆಯುವ ಜಿಎಡಿ-7 ಪ್ರಶ್ನಾವಳಿಯಲ್ಲಿ 21ಕ್ಕೆ 13 ಅಂಕ ಬಂತು. 10ರಿಂದ 14ರವರೆಗೆ ಮಧ್ಯಮ ಆತಂಕ.

ಅವರ ಮೊದಲ ಪ್ರಶ್ನೆ: ‘ಎಲ್ಲರಿಗೂ ಇರುವ ನಂಬಿಕೆ ನನಗಿಲ್ಲ ಅಂದರೆ ನನ್ನ ಮನಸ್ಸಿಗೇ ಏನೋ ಆಗಿದೆಯಾ?’ ಇಲ್ಲ. ಮಾನಸಿಕ ರೋಗಗಳನ್ನು ಗುರುತಿಸಲು ಬಳಸುವ, ಅಮೆರಿಕದ ಮನೋವೈದ್ಯರ ಸಂಘದ ಡಿಎಸ್‌ಎಂ ಕೈಪಿಡಿಯ 1994ರ ಆವೃತ್ತಿಯಲ್ಲಿ ‘ಧಾರ್ಮಿಕ ಅಥವಾ ಆಧ್ಯಾತ್ಮಿಕ ಸಮಸ್ಯೆ’ ಎಂಬ ವರ್ಗ ಸೇರಿತು. ನಂಬಿಕೆ ಕಳೆದುಕೊಂಡಾಗಿನ ತಳಮಳ ಬರುವುದು ಅದರಲ್ಲಿ, ಮತ್ತು ಅದನ್ನು ರೋಗಗಳ ಸಾಲಿನಲ್ಲಿ ಇಟ್ಟಿಲ್ಲ. ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಅಂತಾರಾಷ್ಟ್ರೀಯ ಒಡಂಬಡಿಕೆಯ 18ನೇ ವಿಧಿ ಆಲೋಚನೆ, ಆತ್ಮಸಾಕ್ಷಿ ಮತ್ತು ಧರ್ಮದ ಸ್ವಾತಂತ್ರ್ಯಕ್ಕೆ ಕೊಡುವ ರಕ್ಷಣೆ ನಾಸ್ತಿಕರಿಗೂ ಇದೆ ಎಂದು ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಸಮಿತಿ 1993ರಲ್ಲೇ ಸ್ಪಷ್ಟಪಡಿಸಿದೆ. ಇದನ್ನು ಕೇಳಿಯೇ ‘ವ’ ಅವರಿಗೆ ಅರ್ಧ ಭಾರ ಇಳಿದಂತಾಯಿತು.

ಎರಡನೆಯದು ಸುರಕ್ಷತೆ. ಮನೆಯವರಿಗೆ ಹೇಳುವ ಮಾತು ಎತ್ತುವ ಮುನ್ನ ಆಪ್ತಸಲಹೆಗಾರರು ಕೇಳಲೇಬೇಕಾದ ಪ್ರಶ್ನೆಗಳಿವೆ: ಮನೆಯಿಂದ ಹೊರಹಾಕಿದರೆ ಹೋಗಲು ಜಾಗವಿದೆಯೇ? ಮೂರು ತಿಂಗಳ ಖರ್ಚಿಗೆ ನಿಮ್ಮದೇ ಖಾತೆಯಲ್ಲಿ ಹಣವಿದೆಯೇ? ಮನೆಯಲ್ಲಿ ಹಿಂದೆ ಯಾರಾದರೂ ಕೈ ಮಾಡಿದ್ದುಂಟೇ? ಓದು, ಊಟ, ಸೂರು ಎಲ್ಲಕ್ಕೂ ಹೆತ್ತವರನ್ನೇ ನಂಬಿರುವ ಹದಿಹರೆಯದವರಿಗೆ ನಾವು ಹೇಳುವುದು, ‘ಸದ್ಯಕ್ಕೆ ಬೇಡ’. ಧರ್ಮ ತೊರೆಯುವುದೇ ಅಪರಾಧವಾಗಿರುವ ದೇಶಗಳೂ ಇವೆ. ಅಲ್ಲಿ ಮುಚ್ಚಿಡುವುದೇ ಸರಿ, ಅದನ್ನು ಹೇಡಿತನ ಎನ್ನಲು ಯಾರಿಗೂ ಹಕ್ಕಿಲ್ಲ. ‘ವ’ ಅವರ ಮನೆಯಲ್ಲಿ ಇಂಥ ಅಪಾಯ ಇರಲಿಲ್ಲ.

ಎರಡು ವಾರ ಒಂದು ಪಟ್ಟಿ ಬರೆಯಲು ಹೇಳಲಾಯಿತು: ಯಾವ ಸಂದರ್ಭ, ಏನು ಮಾಡಲು ಹೇಳಿದರು, ಏನು ಮಾಡಿದೆ, ಸಂಕಟ ಸೊನ್ನೆಯಿಂದ ಹತ್ತರೊಳಗೆ ಎಷ್ಟು. ಪಟ್ಟಿ ನೋಡಿದಾಗ ಗಂಟು ಎಲ್ಲಿದೆ ಎಂಬುದು ಗೊತ್ತಾಯಿತು. ಪ್ರಾರ್ಥನೆ ನಡೆಯುವಾಗ ಸುಮ್ಮನೆ ಕುಳಿತರೆ ಸಂಕಟ 2 ಅಥವಾ 3. ಅಡುಗೆ, ಅತಿಥಿಗಳ ಉಪಚಾರದಲ್ಲಿ ಸೊನ್ನೆ. ‘ನೀನೇ ಮುಂದೆ ನಿಂತು ಹೇಳು, ಮಗಳಿಗೂ ಹೇಳಿಕೊಡು’ ಎಂದಾಗ 8. ಹಿಂದಿನ ರಾತ್ರಿ 9. ಅಷ್ಟು ಕಾಲ ‘ವ’ ಮಾಡುತ್ತಿದ್ದದ್ದೇನು? ಆಫೀಸಿನ ಕೆಲಸದ ನೆಪ ಹೇಳಿ ಸಮಾರಂಭಗಳನ್ನೇ ತಪ್ಪಿಸಿಕೊಳ್ಳುತ್ತಿದ್ದರು. ಕಷ್ಟವಿಲ್ಲದ್ದನ್ನು ಬಿಟ್ಟು ಮನೆಯವರನ್ನು ನೋಯಿಸುತ್ತಿದ್ದರು, ಕಷ್ಟವಾದದ್ದನ್ನು ಹಲ್ಲುಕಚ್ಚಿ ಮಾಡುತ್ತಿದ್ದರು. ನಂಬದವರು ಅತಿ ಹೆಚ್ಚಾಗಿ ಎಡವುವುದು ಇಲ್ಲೇ.

ಹಾಗಾಗಿ ಮೂರು ಸಂಗತಿಗಳನ್ನು ಬೇರ್ಪಡಿಸಿದೆವು: ಜೊತೆಗಿರುವುದು, ಕೆಲಸಕ್ಕೆ ಕೈಜೋಡಿಸುವುದು, ನಂಬುತ್ತೇನೆಂದು ಬಾಯಿಬಿಟ್ಟು ಹೇಳುವುದು. ಮೊದಲೆರಡನ್ನು ‘ವ’ ಸಂತೋಷದಿಂದಲೇ ಒಪ್ಪಿದರು. ಮೂರನೆಯದು ಆಗದು. ಗೆರೆ ಎಲ್ಲಿ ಎಳೆಯಬೇಕೆಂಬುದು ಅವರವರಿಗೆ ಬಿಟ್ಟದ್ದು, ಆದರೆ ಒಮ್ಮೆ ಎಳೆದ ಮೇಲೆ ಪ್ರತಿಸಲವೂ ಅದೇ ಗೆರೆ ಇರಬೇಕು. ಒಂದು ಸಲ ಒಪ್ಪಿ ಇನ್ನೊಂದು ಸಲ ಹಟ ಮಾಡಿದರೆ ಮನೆಯವರಿಗೆ ಅದು ಮುನಿಸಿನಂತೆ ಕಾಣುತ್ತದೆ.

ಗಂಡನನ್ನೂ ಕೂರಿಸಿಕೊಂಡು ಒಂದು ಭೇಟಿ ನಡೆಯಿತು. ಅತ್ತೆಗೆ ಯಾರು ಹೇಳಬೇಕು ಎಂಬುದೇ ಅಲ್ಲಿನ ತಕರಾರು. ನಮ್ಮ ಸಲಹೆ: ಗಂಡ ಜೊತೆಯಲ್ಲಿರಲಿ, ಮಾತು ‘ವ’ ಅವರದೇ ಆಗಿರಲಿ. ಮಗನ ಬಾಯಿಂದ ಬಂದರೆ ಅದು ಸೊಸೆಯ ಮೇಲಿನ ದೂರಾಗುತ್ತದೆ. ಹಬ್ಬದ ದಿನ ಬೇಡ, ಪ್ರಾರ್ಥನೆಯ ಹಿಂದುಮುಂದು ಬೇಡ, ಮನೆಯಲ್ಲಿ ಕಾಯಿಲೆಯೋ ಸಾವೋ ಇರುವಾಗ ಬೇಡವೇ ಬೇಡ. ಮೊಬೈಲ್ ಸಂದೇಶದಲ್ಲಂತೂ ಕೂಡದು. ನಾಲ್ಕೇ ವಾಕ್ಯ ಸಾಕು: ‘ಅತ್ತೆ, ನಿಮಗೆ ಒಂದು ವಿಷಯ ಮುಚ್ಚಿಟ್ಟಿದ್ದೆ, ಅದು ನನಗೇ ಕಷ್ಟವಾಗ್ತಿದೆ. ನನಗೆ ದೇವರಲ್ಲಿ ನಂಬಿಕೆ ಉಳಿದಿಲ್ಲ. ನಿಮ್ಮ ಪ್ರಾರ್ಥನೆಗೆ ನಾನು ಬಂದು ಕೂರ್ತೀನಿ, ಎಲ್ಲ ಕೆಲಸಕ್ಕೂ ಇರ್ತೀನಿ. ಮುಂದೆ ನಿಂತು ಹೇಳೋದು ಮಾತ್ರ ನನ್ನಿಂದ ಆಗಲ್ಲ.’

ಕಾರಣಗಳನ್ನು ಹೇಳಹೋಗಬಾರದು. ‘ಯಾಕೆ?’ ಎಂದರೆ ‘ತುಂಬಾ ಯೋಚಿಸಿದೆ, ಉಳಿಯಲಿಲ್ಲ’ ಎಂದಷ್ಟೇ ಹೇಳಿ ನಿಲ್ಲಿಸಬೇಕು. ವಾದಕ್ಕಿಳಿದರೆ ಗೆಲ್ಲುವವರು, ಸೋಲುವವರು ಹುಟ್ಟಿಕೊಳ್ಳುತ್ತಾರೆ. ಎದುರಿಗಿರುವವರ ಭಯ ಏನೆಂಬುದು ಕೇಳಿಸದೇ ಹೋಗುತ್ತದೆ. ಭಯ ಇದ್ದೇ ಇರುತ್ತದೆ. ಮಗು ದಾರಿ ತಪ್ಪೀತು, ಜನ ಏನೆಂದಾರು, ನಾನು ಬೆಳೆಸಿದ ಮನೆ ಒಡೆದೀತು ಎಂಬಂಥವು. ಈ ಅತ್ತೆ ಅತ್ತು ಕೇಳಿದ್ದು ಒಂದೇ: ‘ನಾನು ಹೋದ ಮೇಲೆ ನನಗೋಸ್ಕರ ಪ್ರಾರ್ಥನೆ ಮಾಡಿಸೋರು ಯಾರು?’ ಇದಕ್ಕೆ ಉತ್ತರ ತತ್ತ್ವಶಾಸ್ತ್ರದಲ್ಲಿಲ್ಲ, ಏರ್ಪಾಡಿನಲ್ಲಿದೆ. ಏನೇನು ನಡೆಯಬೇಕೆಂದು ಅತ್ತೆ ಬರೆಸಿದರು, ಮಗ ನಡೆಸುವುದಾಗಿ ಒಪ್ಪಿದರು, ಒಂದೂ ಬಿಟ್ಟುಹೋಗದಂತೆ ನೋಡಿಕೊಳ್ಳುವ ಹೊಣೆಯನ್ನು ಸೊಸೆ ಹೊತ್ತರು. ಆ ಹೊಣೆಯಲ್ಲಿ ಸುಳ್ಳೇನೂ ಇಲ್ಲ.

ಮಗಳ ವಿಷಯದಲ್ಲಿ ನಾವು ಖಂಡಿತವಾಗಿ ಹೇಳಿದ್ದು, ‘ಅಜ್ಜಿಗೆ ಹೇಳಬೇಡ’ ಎಂಬ ಗುಟ್ಟನ್ನು ಮಗುವಿನ ತಲೆಗೆ ಕಟ್ಟಬೇಡಿ. ಆ ವಯಸ್ಸಿಗೆ ಅದು ಹೊರಲಾರದ ಹೊರೆ. ‘ಅಜ್ಜಿ, ಅಪ್ಪ ದೇವರಿದ್ದಾನೆ ಅಂತ ನಂಬ್ತಾರೆ, ಅಮ್ಮ ನಂಬಲ್ಲ. ದೊಡ್ಡವಳಾದ ಮೇಲೆ ನೀನೇ ಯೋಚಿಸು’ ಎಂದರೆ ಸಾಕು. ಅಜ್ಜಿ ಕಥೆ ಹೇಳಲಿ, ಹಾಡು ಕಲಿಸಲಿ. ಅಮ್ಮ ಅದನ್ನು ಗೇಲಿ ಮಾಡಬಾರದು. ‘ದೇವರು ಶಿಕ್ಷೆ ಕೊಡ್ತಾನೆ’ ಎಂಬ ಹೆದರಿಕೆಯನ್ನು ಮಾತ್ರ ನಿಲ್ಲಿಸಲು ಕೇಳಬೇಕು, ಅದೂ ಗಂಡನ ಬಾಯಿಂದ. ಸಾವಿನ ಬಗ್ಗೆ ಮಗು ಕೇಳಿದರೆ ‘ದೇಹ ಕೆಲಸ ಮಾಡೋದು ನಿಂತುಹೋಯ್ತು, ಮತ್ತೆ ಶುರುವಾಗಲ್ಲ’ ಎಂದು ನೇರವಾಗಿ ಹೇಳಬಹುದು. ‘ನಿದ್ದೆ ಹೋದರು’ ಎನ್ನಬೇಡಿ, ಮಗು ಮಲಗಲು ಹೆದರೀತು.

ಆಫೀಸಿನಲ್ಲಿ ಯಾರಿಗೂ ಹೇಳುವ ಅಗತ್ಯವಿಲ್ಲ. ಕೇಳಿದರೆ ‘ಅದು ನನ್ನ ಖಾಸಗಿ ವಿಷಯ’ ಎಂದರಾಯಿತು. ಆದರೆ ನಂಬಿಕೆಯ ಜೊತೆಗೆ ಹೋಗುವ ಇನ್ನೊಂದಿದೆ, ವಾರಕ್ಕೊಮ್ಮೆ ಹತ್ತು ಮುಖ ನೋಡುವ ಅಭ್ಯಾಸ. ಅದರ ಕೊರತೆ ನಿಧಾನವಾಗಿ ಕಾಡುತ್ತದೆ. ಆನ್‌ಲೈನ್ ವಾಗ್ವಾದದ ಗುಂಪುಗಳು ಅದನ್ನು ತುಂಬುವುದಿಲ್ಲ, ಸಿಟ್ಟನ್ನಷ್ಟೇ ಬೆಳೆಸುತ್ತವೆ. ದಿನ ಗೊತ್ತುಮಾಡಿಕೊಂಡು ಸೇರುವ ಯಾವುದಾದರೂ ಗುಂಪು ಬೇಕು. ‘ವ’ ಸಂಗೀತದ ತಂಡವೊಂದನ್ನು ಸೇರಿದರು.

ನಾಲ್ಕು ತಿಂಗಳ ನಂತರ ಜಿಎಡಿ-7ರಲ್ಲಿ ಅಂಕ 6ಕ್ಕೆ ಇಳಿದಿತ್ತು, ತಲೆನೋವು ಅಪರೂಪವಾಗಿತ್ತು. ಅತ್ತೆ ಈಗಲೂ ಕೆಲವೊಮ್ಮೆ ‘ಮನಸ್ಸು ಬದಲಾಯ್ತಾ?’ ಎಂದು ಕೇಳುತ್ತಾರೆ. ‘ಇಲ್ಲ ಅತ್ತೆ’ ಎಂದು ಹೇಳಿ ಕೆಲಸ ಮುಂದುವರಿಸುವುದನ್ನು ‘ವ’ ರೂಢಿ ಮಾಡಿಕೊಂಡಿದ್ದಾರೆ. ನಾದಿನಿ ಮಾತು ಬಿಟ್ಟಿದ್ದಾರೆ. ಅವರ ಬಳಿ ಮಾತಾಡುವ ಕೆಲಸ ಗಂಡನದು, ಅದು ಇನ್ನೂ ಆಗಿಲ್ಲ. ಮುಂದಿನ ಭೇಟಿಗೆ ಇಬ್ಬರೂ ಒಟ್ಟಿಗೆ ಬರಲು ಹೇಳಿದ್ದೇವೆ.