ಪ್ಯಾರಪೆಟ್‌ನ ಆ ಕಿಂಡಿ ಮುಚ್ಚಬೇಡಿ

ಮೇಸ್ತ್ರಿ ಮಾತು ಕೇಳಿ ಆ ಕಿಂಡಿಯನ್ನು ಮುಚ್ಚಿಸಬೇಡಿ ಸರ್. ತಾರಸಿಗೆ ಮಳೆನೀರು ಇಳಿಯಲು ಎರಡು ಪೈಪ್ ಇದ್ದ ಮೇಲೆ ಅಂಚಿನ ಪ್ಯಾರಪೆಟ್ ಗೋಡೆಯಲ್ಲಿ ಇನ್ನೊಂದು ಕಿಂಡಿ ಯಾಕೆ, ಅದೂ ತಾರಸಿ ನೆಲದಿಂದ 2 ಇಂಚು ಮೇಲೆ ಯಾಕೆ ಅಂತ ಕೇಳಿದ್ದೀರಿ. ಅದು ದಿನದ ನೀರಿಗಲ್ಲ, ಪೈಪ್ ಕಟ್ಟಿಕೊಂಡ ದಿನಕ್ಕೆ. ಪೈಪ್ ಬಾಯಿಯ ಜಾಲರಿ ಮೇಲೆ ನಾಲ್ಕು ಒಣಗಿದ ಎಲೆ, ಒಂದು ಹಾಲಿನ ಕವರ್ ಬಂದು ಕೂತರೆ ಸಾಕು, ಜೋರು ಮಳೆಗೆ ತಾರಸಿ ಕೆರೆಯಾಗುತ್ತದೆ. 1000 ಚದರಡಿಯಲ್ಲಿ 4 ಇಂಚು ನೀರು ನಿಂತರೆ 9 ಟನ್‌ಗೂ ಜಾಸ್ತಿ ಭಾರ, ಸುಮ್ನೆ ಮಾತಲ್ಲ.

ನಿಮ್ಮ ಪ್ಲಾನ್‌ನಲ್ಲಿ ಬರೆದಿರುವ 'ಸ್ಕಪ್ಪರ್' ಇದೇ. ಹಡಗಿನ ಡೆಕ್ ಅಂಚಿನಲ್ಲಿ ನೀರು ಹೊರಗೆ ಹೋಗುವ ತೂತಿಗೂ ಅದೇ ಹೆಸರು. ಅಲ್ಲಿ ಇಂಧನ ತುಂಬಿಸುವಂಥ ಹೊತ್ತಿನಲ್ಲಿ ಪ್ಲಗ್ ಹಾಕಿ ಮುಚ್ಚುತ್ತಾರೆ, ಚೆಲ್ಲಿದ ಎಣ್ಣೆ ಸಮುದ್ರಕ್ಕೆ ಇಳಿಯಬಾರದು ಅಲ್ವಾ. ನಿಮ್ಮ ತಾರಸಿಗೆ ಆ ತೊಂದರೆಯಿಲ್ಲ!

ಮೇಸ್ತ್ರಿಗೆ ಹೇಳಬೇಕಾದ್ದು ಬೇರೆಯೇ ಇದೆ. ಕಿಂಡಿಯ ತಳ ಹೊರಗಡೆಗೆ ಇಳಿಜಾರಾಗಿರಲಿ, ವಾಟರ್‌ಪ್ರೂಫಿಂಗ್ ಕೋಟ್ ಗೋಡೆ ಬುಡಕ್ಕೇ ನಿಲ್ಲದೆ ಕಿಂಡಿಯೊಳಗಿನಿಂದ ಹೊರಮೈವರೆಗೂ ಬರಲಿ, ಇಲ್ಲದಿದ್ದರೆ ಅಲ್ಲಿಂದಲೇ ಗೋಡೆ ನೀರು ಕುಡಿಯಲು ಶುರುವಾಗುತ್ತದೆ. ಹೊರಗೆ ಅರ್ಧ ಅಡಿ ಪೈಪ್ ಚಾಚಿಸಿ. ಎಂದಾದರೂ ಅದರಿಂದ ನೀರು ಸುರಿಯುವುದು ಕಂಡರೆ ಮೇಲೆ ಹೋಗಿ ಜಾಲರಿ ಕ್ಲೀನ್ ಮಾಡಿ.