ಹಳೇ ಕಾರಿನ ಇಂಜಿನ್‌ಗೆ ಕಮ್ಮಿ ಖರ್ಚಲ್ಲಿ ಪವರ್ ಜಾಸ್ತಿ ಮಾಡೋದು ಹೇಗೆ?

ಮೊದ್ಲು ಕಳ್ಕೊಂಡಿರೋ ಪವರ್ ವಾಪಸ್ ತಗೊಳ್ಳಿ, ಹೊಸದು ಸೇರಿಸೋದು ಆಮೇಲೆ. ಕಂಪ್ರೆಶನ್ ಟೆಸ್ಟ್ (ಸಿಲಿಂಡರ್ ಒಳಗೆ ಒತ್ತಡ ಎಷ್ಟು ಬರುತ್ತೆ ಅಂತ ನೋಡೋದು) ಮಾಡ್ಸಿ, ಒಂದು ಸಿಲಿಂಡರ್ ಮಾತ್ರ ತುಂಬ ಕಮ್ಮಿ ತೋರಿಸಿದ್ರೆ ರಿಂಗೋ ವಾಲ್ವೋ ಗ್ಯಾಸ್ಕೆಟ್ಟೋ ಹೋಗಿರುತ್ತೆ, ಅದನ್ನ ರಿಪೇರಿ ಮಾಡ್ಸದೆ ಮೇಲೆ ಏನ್ ಹಾಕಿದ್ರೂ ದುಡ್ಡು ದಂಡ. ಅದು ಸರಿ ಇದ್ರೆ ಪ್ಲಗ್, ಏರ್ ಫಿಲ್ಟರ್, ಫ್ಯೂಯಲ್ ಫಿಲ್ಟರ್ ಬದಲಾಯಿಸಿ, ವಾಲ್ವ್ ಕ್ಲಿಯರೆನ್ಸ್ (ವಾಲ್ವ್ ತುದೀಲಿ ಇರಬೇಕಾದ ಸಣ್ಣ ಗ್ಯಾಪ್) ಸೆಟ್ ಮಾಡ್ಸಿ, ಕಾರ್ಬ್ಯುರೇಟರ್ (ಪೆಟ್ರೋಲ್, ಗಾಳಿ ಬೆರೆಸೋ ಭಾಗ) ಇರೋ ಗಾಡಿ ಆದ್ರೆ ಅದನ್ನ ಬಿಚ್ಚಿ ಕ್ಲೀನ್ ಮಾಡ್ಸಿ ಹಾಗೇ ಇಗ್ನಿಷನ್ ಟೈಮಿಂಗೂ, ಅಂದ್ರೆ ಪ್ಲಗ್ ಕಿಡಿ ಹೊಡೆಯೋ ಸಮಯಾನೂ, ನೋಡ್ಸಿ (ಟೈಮಿಂಗ್ ಸ್ವಲ್ಪ ಅಡ್ವಾನ್ಸ್ ಮಾಡಿದ್ರೆ ಪಿಕಪ್ ಬರಬಹುದು, ಆದ್ರೆ ಇಂಜಿನ್ ಟಕಟಕ ಅನ್ನೋ ನಾಕಿಂಗ್ ಸದ್ದು ಕೇಳಿದ್ರೆ ತಕ್ಷಣ ಹಿಂದಕ್ಕೆ ತನ್ನಿ, ಇಲ್ಲಾಂದ್ರೆ ಪಿಸ್ಟನ್ನೇ ಹೋದೀತು). ಸೈಲೆನ್ಸರ್ ಪೈಪಲ್ಲಿ ಹೊಗೆ ಶುದ್ಧ ಮಾಡೋ ಕ್ಯಾಟಲಿಟಿಕ್ ಕನ್ವರ್ಟರ್ ಬ್ಲಾಕ್ ಆಗಿದ್ರೂ ಗಾಡಿ ಎಳೆಯಲ್ಲ.

ದುಬಾರಿ ಏರ್ ಫಿಲ್ಟರ್ ಹಾಕಿದ್ರೆ ಸೌಂಡ್ ಚೆನ್ನಾಗಿರುತ್ತೆ, ಪವರ್ ಅಷ್ಟಕ್ಕಷ್ಟೆ. ಇಸಿಯು (ಇಂಜಿನ್ ಕಂಟ್ರೋಲ್ ಮಾಡೋ ಕಂಪ್ಯೂಟರ್) ರೀಮ್ಯಾಪ್‌ಗೆ, ಅಂದ್ರೆ ಅದರ ಸೆಟ್ಟಿಂಗ್ ಬದಲಾಯಿಸೋಕೆ, ಕೊಟ್ಟ ದುಡ್ಡು ನಿಜವಾಗ್ಲೂ ಗೊತ್ತಾಗೋದು ಟರ್ಬೋ (ಇಂಜಿನ್‌ಗೆ ಗಾಳಿ ಒತ್ತಿ ತುಂಬೋ ಸಾಧನ) ಇರೋ ಗಾಡೀಲಿ, ಟರ್ಬೋ ಇಲ್ದಿದ್ರೆ ಆ ದುಡ್ಡಲ್ಲಿ ಒಳ್ಳೆ ಟೈರ್ ಹಾಕ್ಸಿ.